ಅಯ್ಯೋ ಹೊಳೆ!

ಐಹೊಳೆಗೆ ಆ ಹೆಸರು ಹೇಗೆ ಬಂತು ಅಂತ ಆ ಭಾಗದ ಯಾರನ್ನು ಬೇಕಾದರೂ ಕೇಳಿ, ಒಂದು ಕಥೆ ಹೇಳುತ್ತಾರೆ. ಪರಶುರಾಮ ಕ್ಷತ್ರಿಯರನ್ನೆಲ್ಲ ಕಡಿದು ಬಂದು ಮಲಪ್ರಭೆಯಲ್ಲಿ ಕೊಡಲಿ ತೊಳೆದನಂತೆ. ನೀರು ಕೆಂಪಾಯಿತಂತೆ. ಕೊಡ ತುಂಬಿಸಲು ಬಂದಿದ್ದ ಹೆಣ್ಣುಮಗಳೊಬ್ಬಳು ಅದನ್ನು ನೋಡಿ 'ಅಯ್ಯೋ ಹೊಳೆ!' ಅಂತ ಕೂಗಿದಳಂತೆ. ಇದು ಕಥೆ, ಇತಿಹಾಸ ಅಲ್ಲ. ಶಾಸನಗಳು ಈ ಊರನ್ನು ಅಯ್ಯಾವೊಳೆ ಅನ್ನುತ್ತವೆ, ಆರ್ಯಪುರ ಅನ್ನುತ್ತವೆ. ಆದರೆ ಈ ವರ್ಷ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಈ ಮೂರೂ ತಿಂಗಳು ಮಲಪ್ರಭೆಯ ದಂಡೆಯ ಜನ ಹೊಳೆ ಕಡೆ ನೋಡಿ ಕೂಗಿದ್ದು ಅದೇ ಎರಡು ಪದ.

ಈಗ 2019ರ ನವೆಂಬರ್. ನೀರು ಇಳಿದಿದೆ. ಕ್ಯಾಮೆರಾಗಳೂ ವಾಪಸ್ ಬಂದಿವೆ. ಡಿಸೆಂಬರ್ 5ಕ್ಕೆ ಉಪಚುನಾವಣೆ. ಪ್ರವಾಹದಲ್ಲಿ ಮುಳುಗೆದ್ದ ಗೋಕಾಕ, ಅಥಣಿ, ಕಾಗವಾಡದಲ್ಲೂ ಮತದಾನ ಇದೆ. ನಮ್ಮ ಸ್ಟುಡಿಯೋದಲ್ಲಿ ಜಾತಿ ಲೆಕ್ಕ, ಮತ ಲೆಕ್ಕ ಶುರುವಾಗಿದೆ. ಇಂಥ ಹೊತ್ತಿನಲ್ಲಿ ನಾನು ಇವತ್ತು ಬೇರೆ ಲೆಕ್ಕ ಹಿಡಿದುಕೊಂಡು ಕೂತಿದ್ದೇನೆ. ಇದು ಹತ್ತು ವರ್ಷದ ಹಳೆಯ ಲೆಕ್ಕ. ಅದರಲ್ಲಿ ನನ್ನದೂ ಒಂದು ಬಾಕಿ ಇದೆ.

2009ರಲ್ಲಿ ನಾನು ವರದಿಗಾರ. ಮೈಕ್ ಹಿಡಿದು ಊರೂರು ಸುತ್ತುವ ಕೆಲಸ. ಆ ವರ್ಷ ಮೊದಲು ಬಂದದ್ದು ನೆರೆಯಲ್ಲ, ಬರ. ದೇಶದಲ್ಲೇ ಮುಂಗಾರು ಶೇಕಡಾ 22ರಷ್ಟು ಕಡಿಮೆ ಆಗಿತ್ತು. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಉತ್ತರ ಕರ್ನಾಟಕದ ಜನ ಬನ್ನಿ ಎಲೆ ಕೊಟ್ಟುಕೊಂಡು 'ಬಂಗಾರದಂಗ ಇರೋಣು' ಅಂತ ಹರಸಿಕೊಂಡರು. ಅದಾದ ಎರಡು ದಿನಕ್ಕೆ ಆಕಾಶ ಹರಿಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ, ಬಿಡದೆ ಸುರಿಯಿತು. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು... ಮಳೆ ಎಂದರೆ ಮುಗಿಲು ನೋಡುವ ಸೀಮೆ ಅದು. ಅಲ್ಲಿನ ಮನೆಗಳು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಬಿಸಿಲಿಗೆ ಕಟ್ಟಿದ ಮನೆ, ಮಳೆಗೆ ಕಟ್ಟಿದ್ದಲ್ಲ. ಮೂರು ದಿನ ನೆನೆದ ಗೋಡೆ ನಾಲ್ಕನೇ ರಾತ್ರಿ ಮಲಗಿದವರ ಮೇಲೆ ಬಿತ್ತು. ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. ನಮ್ಮ ಚಾನೆಲ್‌ಗಳು ಹಗಲೂ ರಾತ್ರಿ ಅದನ್ನೇ ತೋರಿಸಿದವು.

ನನ್ನನ್ನು ಕಳಿಸಿದ್ದು ಮಲಪ್ರಭೆಯ ಕಡೆಗೆ. ಹೊಳೆಆಲೂರು ಕಡೆ ಹೋಗುವ ದಾರಿಯ ಒಂದು ಹಳ್ಳಿ, ಅದರ ಶಾಲೆಯಲ್ಲಿ ಗಂಜಿ ಕೇಂದ್ರ. ಒಬ್ಬ ಹುಡುಗನನ್ನು ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿ ಶಾಟ್ ತೆಗೆಸಿದೆ. 'ಇನ್ನೂ ಸ್ವಲ್ಪ ಒಳಗೆ ಹೋಗಪ್ಪ' ಅಂತ ಹೇಳಿದವನೂ ನಾನೇ. ಆಮೇಲೆ ಒಬ್ಬ ಅಜ್ಜಿಯ ಮುಂದೆ ಮೈಕ್ ಹಿಡಿದೆ. 'ಏನನ್ನಿಸ್ತಿದೆ ಅಜ್ಜಿ?' ಅಂತ ಕೇಳಿದೆ. ನಾವು ಎಲ್ಲರಿಗೂ ಕೇಳುವ ಪ್ರಶ್ನೆಯೇ ಅದು. ಅಜ್ಜಿ ಅಳಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿ, 'ಈಗೇನ್ ಹೇಳ್ಲೋ ಯಪ್ಪಾ, ನೀರ ಇಳದ ಮ್ಯಾಲೆ ಬಾ. ಅವಾಗ ನೋಡಾಕ ಬಾ' ಅಂದರು.

ನಾನು ಹೋಗಲಿಲ್ಲ. ನೀರು ಇಳಿದ ಮೇಲೆ ಯಾವ ಚಾನೆಲ್ ತಾನೇ ಹೋಗುತ್ತೆ?

ಮಲಪ್ರಭೆ ಎಂಥ ಹೊಳೆ ಅನ್ನೋದನ್ನು ಮೊದಲು ಹೇಳಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ದಟ್ಟ ಮಳೆಯಲ್ಲಿ ಹುಟ್ಟುತ್ತಾಳೆ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹುಟ್ಟೂರಲ್ಲಿ ಮಳೆಯೋ ಮಳೆ. ಮುಂದೆ ರಾಮದುರ್ಗ, ನರಗುಂದ, ರೋಣ, ಬಾದಾಮಿ, ಹುನಗುಂದ, ಇವೆಲ್ಲ ಎರೆ ಭೂಮಿ, ಒಣ ಸೀಮೆ. ಅಂದರೆ ಈ ದಂಡೆಯವರ ತಲೆ ಮೇಲೆ ಮೋಡವೇ ಇಲ್ಲದಿದ್ದರೂ ಅವರ ಕಾಲ ಬುಡಕ್ಕೆ ಪ್ರವಾಹ ಬರಬಹುದು. ಬೆಣ್ಣಿಹಳ್ಳ ಅಂತ ಇನ್ನೊಂದಿದೆ. ಹೆಸರು ಬೆಣ್ಣೆ, ಸ್ವಭಾವ ಬೆಣ್ಣೆಯದ್ದಲ್ಲ. ನವಲಗುಂದದ ಕಪ್ಪು ಹೊಲಗಳ ನೀರನ್ನೆಲ್ಲ ಹೊತ್ತು ತಂದು ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸುರಿಯುತ್ತದೆ. ಎರಡೂ ಒಟ್ಟಿಗೆ ಬಂದವೆಂದರೆ ನಡುವಿನ ಊರುಗಳ ಕಥೆ ಮುಗಿಯಿತು.

ಸವದತ್ತಿ ಹತ್ತಿರ ಗುಡ್ಡ ಸೀಳಿಕೊಂಡು ಹೊಳೆ ಹರಿಯುವ ಜಾಗವೇ ನವಿಲುತೀರ್ಥ. 1970ರ ದಶಕದಲ್ಲಿ ಅಲ್ಲಿ ಅಣೆಕಟ್ಟು ಬಂತು, ರೇಣುಕಾಸಾಗರ. ಸಾಮರ್ಥ್ಯ 37 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಹುಬ್ಬಳ್ಳಿ-ಧಾರವಾಡ ಕುಡಿಯೋದು ಇದೇ ನೀರು. ಆದರೆ ಅಣೆಕಟ್ಟು ಕಟ್ಟಿದ ಮೇಲೆ ಅದು ತುಂಬಿದ್ದು ಬೆರಳೆಣಿಕೆಯಷ್ಟು ಸಲ. ಕಾಲುವೆ ತೋಡಿದರು, ಕಾಲುವೆಯ ತುದಿಗೆ ನೀರು ಬರಲಿಲ್ಲ. ನೀರು ಬರದ ಹೊಲಕ್ಕೂ ಸರ್ಕಾರ ನೀರಿನ ಕರ ಕೇಳಿತು, ಜಮೀನಿನ ಬೆಲೆ ಏರಿದೆ ಅಂತ ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು. ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಎಂಬ ಇಬ್ಬರು ರೈತರು ಗುಂಡಿಗೆ ಬಲಿಯಾದರು. ಆ ಕಿಚ್ಚು ಇಡೀ ರಾಜ್ಯಕ್ಕೆ ಹಬ್ಬಿತು. 1983ರಲ್ಲಿ ಗುಂಡೂರಾವ್ ಸರ್ಕಾರ ಹೋಗಿ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು. ಇವತ್ತಿಗೂ ಜುಲೈ 21 ಅಂದರೆ ಅಲ್ಲಿ ರೈತ ಹುತಾತ್ಮ ದಿನ.

ಅಲ್ಲಿಗೇ ಮುಗಿಯಲಿಲ್ಲ. 2015ರ ಜುಲೈನಲ್ಲಿ ಅದೇ ನರಗುಂದದಲ್ಲಿ ರೈತರು ಮತ್ತೆ ಧರಣಿ ಕೂತರು. ಕಳಸಾ-ಬಂಡೂರಿ ನಾಲೆ ಮಾಡಿ, ಮಹದಾಯಿಯ ನೀರನ್ನು ನಮ್ಮ ಮಲಪ್ರಭೆಗೆ ತನ್ನಿ ಅನ್ನೋದು ಬೇಡಿಕೆ. ವರ್ಷಗಟ್ಟಲೆ ಕೂತರು. ಲಾಠಿ ತಿಂದರು, ಜೈಲಿಗೂ ಹೋಗಿ ಬಂದರು. 2018ರ ಆಗಸ್ಟ್ 14ಕ್ಕೆ ನ್ಯಾಯಮಂಡಳಿ ತೀರ್ಪು ಬಂತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ. ಅದರಲ್ಲಿ ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ಬರಬೇಕಾದದ್ದು 3.9 ಟಿಎಂಸಿ.

ಇದಾಗಿ ಒಂದು ವರ್ಷ ಕೂಡ ಆಗಿರಲಿಲ್ಲ ನೋಡಿ. ನಾಲ್ಕು ಟಿಎಂಸಿ ನೀರಿಗಾಗಿ ಬೀದಿಯಲ್ಲಿ ಕೂತಿದ್ದ ಜನರ ಮನೆಯೊಳಗೆ ಹೊಳೆಯೇ ನುಗ್ಗಿತು. ಇಂಥ ವಿಪರ್ಯಾಸವನ್ನು ಯಾವ ಕಥೆಗಾರ ಬರೆದರೂ ನಾವು ನಂಬುತ್ತಿರಲಿಲ್ಲ.

ಆಗಸ್ಟ್ 5ಕ್ಕೆ ನಾಗರ ಪಂಚಮಿ. ದಕ್ಷಿಣದ ನಮಗೆ ಪಂಚಮಿ ಅಂದರೆ ಹುತ್ತಕ್ಕೆ ಹಾಲೆರೆದರೆ ಮುಗಿಯಿತು. ಆ ಕಡೆ ಹಾಗಲ್ಲ. ಕೊಟ್ಟ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ಹೋಗಿ ತವರಿಗೆ ಕರೆತರುವ ಹಬ್ಬ ಅದು. ಬಗೆಬಗೆಯ ಉಂಡಿ, ಮರಕ್ಕೆ ಕಟ್ಟಿದ ಜೋಕಾಲಿ, ಮನೆ ತುಂಬ ಮಕ್ಕಳು. ಆ ವಾರವೇ ಘಟ್ಟದಲ್ಲಿ ಮಳೆ ಹುಚ್ಚೆದ್ದಿತು. ಅತ್ತ ಕೃಷ್ಣೆ, ಇತ್ತ ಮಲಪ್ರಭೆ, ನಡುವೆ ಘಟಪ್ರಭೆ, ಮೂರೂ ಒಟ್ಟಿಗೆ ಎದ್ದವು. ಬರಿದಾಗಿದ್ದ ರೇಣುಕಾಸಾಗರ ಕೆಲವೇ ದಿನಗಳಲ್ಲಿ ತುಂಬಿ ಗೇಟು ತೆಗೆಯಬೇಕಾಯಿತು. ಮುನವಳ್ಳಿ, ರಾಮದುರ್ಗ, ಸುರೇಬಾನ, ಕೊಣ್ಣೂರು, ಹೊಳೆಆಲೂರು, ಪಟ್ಟದಕಲ್ಲು ಹೀಗೆ ಒಂದೊಂದೇ ಊರಿಗೆ ನೀರು ಬಂತು. ತವರಿನ ಸುಖಕ್ಕೆ ಅಂತ ಬಂದ ಹೆಣ್ಣುಮಕ್ಕಳು ಕಂಕುಳಲ್ಲಿ ಕೂಸು ಹಿಡಿದುಕೊಂಡು ಟ್ರ್ಯಾಕ್ಟರ್ ಹತ್ತಿದರು.

ಆ ಹೊತ್ತಿನಲ್ಲಿ ಬೆಂಗಳೂರು ಏನು ಮಾಡುತ್ತಿತ್ತು? ಜುಲೈ ತಿಂಗಳೆಲ್ಲ ನಾವು ನಿಮಗೆ ರೆಸಾರ್ಟ್ ತೋರಿಸಿದೆವು. ಯಾವ ಶಾಸಕ ಯಾವ ಬಸ್ಸು ಹತ್ತಿದ, ಯಾರು ತಿಂಡಿಗೆ ಏನು ತಿಂದರು, ಎಲ್ಲವನ್ನೂ ತೋರಿಸಿದೆವು. ಜುಲೈ 23ಕ್ಕೆ ಸಮ್ಮಿಶ್ರ ಸರ್ಕಾರ ಬಿತ್ತು. 26ಕ್ಕೆ ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 20ರವರೆಗೆ ಸಂಪುಟದಲ್ಲಿ ಇದ್ದದ್ದು ಅವರೊಬ್ಬರೇ. ಅರ್ಧ ರಾಜ್ಯ ನೀರಲ್ಲಿ, ಜಿಲ್ಲಾ ಉಸ್ತುವಾರಿ ಸಚಿವ ಅನ್ನೋ ಪ್ರಾಣಿ ಒಂದೂ ಇಲ್ಲ. ರಾಜಕಾರಣಿಗಳನ್ನು ಬೈಯೋದು ಸುಲಭ, ನಾನೂ ಬೈದೆ. ಆದರೆ ಆ ತಿಂಗಳು ಜಲಾಶಯಗಳ ಒಳಹರಿವು ಎಷ್ಟು, ಘಟ್ಟದಲ್ಲಿ ಮಳೆ ಎಷ್ಟು ಅಂತ ಒಂದೇ ಒಂದು ಅರ್ಧ ಗಂಟೆ ಕಾರ್ಯಕ್ರಮವನ್ನಾದರೂ ನಾನು ಮಾಡಿದೆನಾ? ಇಲ್ಲ. ಅದನ್ನೂ ಹೇಳಿಬಿಡಬೇಕಲ್ಲ.

ಇದು ಒಮ್ಮೆ ಬಂದು ಹೋದ ನೆರೆ ಆಗಿದ್ದರೆ ಜನ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಆಗಸ್ಟ್‌ನಲ್ಲಿ ಬಂತು. ಮನೆಯ ಕೆಸರು ಬಳಿದು, ಒಲೆ ಹೂಡಿ, ಗಣೇಶನನ್ನು ಕೂರಿಸುವ ಹೊತ್ತಿಗೆ ಸೆಪ್ಟೆಂಬರ್‌ನಲ್ಲಿ ಮತ್ತೆ ನೀರು. ಅದು ಇಳಿದು, ಸಾಲ ಮಾಡಿ ಹಿಂಗಾರಿಗೆ ಕಡಲೆ, ಜೋಳ ಬಿತ್ತುವ ಹೊತ್ತಿಗೆ ಅಕ್ಟೋಬರ್‌ನಲ್ಲಿ ಮೂರನೇ ಸಲ. ಮೊದಲ ಸಲ ಕೊಯ್ಲಿಗೆ ಬಂದ ಹೆಸರು ಹೋಯಿತು, ಗೋವಿನಜೋಳ ಹೋಯಿತು, ಉಳ್ಳಾಗಡ್ಡಿ ಕೊಳೆಯಿತು, ಕಬ್ಬು ನಿಂತಲ್ಲೇ ಸತ್ತಿತು. ಮೂರನೇ ಸಲ ಮುಂದಿನ ವರ್ಷದ ರೊಟ್ಟಿಯೇ ಹೋಯಿತು. ಬಣವೆ ತೇಲಿಹೋದ ಮೇಲೆ ದನಕ್ಕೆ ಮೇವಿಲ್ಲ. ಎಮ್ಮೆ ಮಾರಿದವನಿಗೆ ಮರುದಿನದಿಂದ ಹಾಲಿನ ದುಡ್ಡಿಲ್ಲ.

ರಾಮದುರ್ಗ, ಸುರೇಬಾನದ ಕಡೆ ನೇಕಾರರ ಮನೆ ನೋಡಬೇಕು ನೀವು. ನೆಲದಲ್ಲಿ ತಗ್ಗು ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಕೈಮಗ್ಗ. ಹೊಳೆ ಮನೆಯೊಳಗೆ ಬಂದರೆ ಮೊದಲು ತುಂಬೋದೇ ಆ ತಗ್ಗು. ನೀರು ಇಳಿದರೂ ತಗ್ಗಿನ ಕೆಸರು ಇಳಿಯಲ್ಲ. ನೂಲು ಹಾಳು, ಅರ್ಧ ನೇಯ್ದ ಸೀರೆ ಹಾಳು, ಮರದ ಭಾಗಗಳು ಉಬ್ಬಿ ಸೊಟ್ಟ. ಹೊಲ ಇರುವವನಿಗೆ ಬೆಳೆ ಪರಿಹಾರ ಅಂತ ಒಂದು ಹೆಸರಾದರೂ ಇದೆ. ದಿನಗೂಲಿಗೆ ನೇಯುವವನ ನಷ್ಟವನ್ನು ಯಾವ ಕಾಲಂನಲ್ಲಿ ಬರೆಯೋದು?

ರಾಜ್ಯ ಸರ್ಕಾರ ಹೇಳಿದ ಒಟ್ಟು ನಷ್ಟ ಸುಮಾರು 35 ಸಾವಿರ ಕೋಟಿ. ಅಕ್ಟೋಬರ್ ಮೊದಲ ವಾರದಲ್ಲಿ ಕೇಂದ್ರದಿಂದ ಬಂದದ್ದು 1,200 ಕೋಟಿ. ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ. ನಿಜ ಹೇಳಬೇಕೆಂದರೆ 5 ಲಕ್ಷ ಸಣ್ಣ ಮೊತ್ತ ಅಲ್ಲ. ಹಿಂದೆ ಇಷ್ಟು ಕೊಟ್ಟ ಉದಾಹರಣೆ ನನಗೆ ಗೊತ್ತಿಲ್ಲ. ಸಮಸ್ಯೆ ಇರೋದು ಪಟ್ಟಿಯಲ್ಲಿ. ಎ, ಬಿ, ಸಿ ಅಂತ ಮೂರು ವರ್ಗ. ಗೋಡೆ ನಿಂತಿದೆ ಅನ್ನೋ ಕಾರಣಕ್ಕೆ ಒಂದು ಮನೆ ಸಿ. ಆ ಗೋಡೆ ಒಳಗೊಳಗೇ ನೆನೆದು ತಿಂಗಳಾದ ಮೇಲೆ ಬಿದ್ದರೆ? ಒಂದು ಮನೆ, ಒಂದು ನಂಬರು, ಒಳಗೆ ಮೂವರು ಅಣ್ಣತಮ್ಮಂದಿರ ಮೂರು ಒಲೆ. ಪರಿಹಾರ ಒಬ್ಬನಿಗೆ. ನೀರು ಒಡೆಯದ ಸಂಸಾರವನ್ನು ಪಟ್ಟಿ ಒಡೆಯಿತು.

ಸೆಪ್ಟೆಂಬರ್‌ನಲ್ಲಿ ನಾನು ಕೊನೆಗೂ ಆ ಹಳ್ಳಿಗೆ ಹೋದೆ. ಹತ್ತು ವರ್ಷ ತಡವಾಗಿ. ಅಜ್ಜಿ ಇರಲಿಲ್ಲ, ತೀರಿಕೊಂಡು ಆರು ವರ್ಷ ಆಗಿತ್ತು. ಮಗ ಸಿಕ್ಕಿದರು. ಸಿಕ್ಕಿದ್ದೆಲ್ಲಿ ಅಂದರೆ, ಊರಿಂದ ಆಚೆ ಎತ್ತರದಲ್ಲಿ, 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಯಲ್ಲಿ.

'ಆಸರೆ' ನೆನಪಿದೆಯಲ್ಲ? ಆಗಲೂ ಮುಖ್ಯಮಂತ್ರಿ ಯಡಿಯೂರಪ್ಪನವರೇ. ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ಮಠಗಳು, ಕಂಪನಿಗಳು, ಸಂಘ-ಸಂಸ್ಥೆಗಳು ಕೈ ಜೋಡಿಸಿದವು. ನದಿ ದಂಡೆಯ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸುವ ದೊಡ್ಡ ಯೋಜನೆ. ಉದ್ದೇಶ ಸರಿಯಿತ್ತು. ಸಾಲುಸಾಲು ಮನೆಗಳು ಎದ್ದವು. ಆದರೆ ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲ. ಸುತ್ತ ಜಾಲಿ ಬೆಳೆಯಿತು, ಬಾಗಿಲು-ಕಿಟಕಿ ಮಾಯವಾದವು.

ಇದನ್ನು ನೋಡಿ ನಮ್ಮಂಥ ನಗರದವರು ಏನಂದೆವು? 'ಪುಕ್ಕಟೆ ಮನೆ ಕೊಟ್ಟರೂ ಹೋಗಲ್ಲ, ಪರಿಹಾರಕ್ಕಾಗಿ ಹೊಳೆ ದಂಡೆಯಲ್ಲೇ ಕೂರ್ತಾರೆ.' ನಾನೂ ಒಂದು ಸಲ ಇದೇ ಕುರ್ಚಿಯಿಂದ ಹೆಚ್ಚುಕಡಿಮೆ ಹೀಗೇ ಅಂದಿದ್ದೆ. ಆ ಮಾತನ್ನು ಅಜ್ಜಿಯ ಮಗನಿಗೆ ಕೇಳಿದೆ. ಹತ್ತು ವರ್ಷ ಯಾಕೆ ಇಲ್ಲಿಗೆ ಬರಲಿಲ್ಲ ಅಂದೆ.

ಅವರು ಸಿಟ್ಟಾಗಲಿಲ್ಲ. 'ಬರ್ರಿ, ತೋರಸ್ತೀನಿ' ಅಂತ ಒಳಗೆ ಕರೆದರು. ಒಂದು ಕೋಣೆ, ಒಂದು ಅಡುಗೆ ಜಾಗ. 'ನಾವು ಏಳು ಮಂದಿ ಅದೀವ್ರಿ. ಎರಡು ಎತ್ತು, ಒಂದು ಎಮ್ಮಿ. ಎತ್ತು ಎಲ್ಲಿ ಕಟ್ಲಿ? ಜ್ವಾಳದ ಚೀಲ ಎಲ್ಲಿ ಇಡ್ಲಿ? ಹೊಲ ಇಲ್ಲಿಂದ ಭಾಳ ದೂರ. ನೀರಿನ ನಳಾ ಬಂದದ್ದು ನಾಕ ವರ್ಷದ ಮ್ಯಾಲೆ. ಹಕ್ಕುಪತ್ರ ಇನ್ನೂ ಬಂದಿಲ್ಲ. ಮನಿ ಕೊಟ್ಟಾರ್ರಿ, ಊರು ಕೊಟ್ಟಿಲ್ಲ.'

ಮನೆ ಕೊಟ್ಟಿದ್ದಾರೆ, ಊರು ಕೊಟ್ಟಿಲ್ಲ. ಈ ಮಾತನ್ನು ನಾನು ಬೆಂಗಳೂರಿನವರೆಗೆ ಹೊತ್ತುಕೊಂಡು ಬಂದೆ. ಊರು ಅಂದರೆ ಏನು? ಅಗಸಿ ಬಾಗಿಲು. ಹನುಮಪ್ಪನ ಗುಡಿ ಕಟ್ಟೆ. ಮೊಹರಂಗೆ ಎಲ್ಲ ಜಾತಿಯವರೂ ಸೇರುವ ಮಸೂತಿ. ಗರಡಿಮನೆ. ಹಿಟ್ಟಿನ ಗಿರಣಿ. ಕಣ. ಯಾರ ಓಣಿ ಪಕ್ಕ ಯಾರ ಓಣಿ ಅನ್ನೋ ನೂರಾರು ವರ್ಷದ ಹೊಂದಾಣಿಕೆ. ಅದರಲ್ಲಿ ಅನ್ಯಾಯವೂ ಇತ್ತು, ಒಪ್ಪೋಣ. ಹೊಳೆಗೆ ಹತ್ತಿರದ ತಗ್ಗಿನಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಬಡವರ ಕೇರಿಯೇ, ನೀರು ಮೊದಲು ನುಗ್ಗುತ್ತಿದ್ದದ್ದೂ ಅಲ್ಲಿಗೇ. ಹೊಸ ಜಾಗದಲ್ಲಿ ಅದನ್ನು ಸರಿ ಮಾಡುವ ಅವಕಾಶ ಇತ್ತು. ಆದರೆ ನಾವು ಕೊಟ್ಟದ್ದು ನಂಬರು ಬರೆದ ಡಬ್ಬಿಗಳ ಸಾಲು. 2009ರಲ್ಲಿ ಒಂದು ಕುಟುಂಬ ಅಂತ ಪಟ್ಟಿಯಲ್ಲಿ ಬರೆದದ್ದು 2019ಕ್ಕೆ ಮೂರು ಕುಟುಂಬ ಆಗಿತ್ತು. ಅಂದಿನ ಹುಡುಗರಿಗೆ ಇವತ್ತು ಮಕ್ಕಳಿದ್ದಾರೆ. ಆದರೂ ಈ ಆಗಸ್ಟ್‌ನಲ್ಲಿ ನೀರು ಬಂದಾಗ ಜೀವ ಉಳಿಸಿದ್ದು ಅದೇ ಪಾಳು ಆಸರೆ ಮನೆಗಳು. ಜಾಲಿ ಕಡಿದು, ಬಾಗಿಲಿಲ್ಲದ ಮನೆಗೆ ತಾಡಪತ್ರಿ ಕಟ್ಟಿಕೊಂಡು ಜನ ಅಲ್ಲೇ ಉಳಿದರು. ಹಾಗಾಗಿ ಯೋಜನೆಯೇ ತಪ್ಪು ಅಂತ ನಾನು ಹೇಳಲ್ಲ. ಅರ್ಧಕ್ಕೆ ಬಿಟ್ಟದ್ದು ತಪ್ಪು.

ಈಗ ಇನ್ನೊಂದು ಪ್ರಶ್ನೆ. ಈ ಹೊಳೆ ಇಷ್ಟು ಅಗಲ ಹರಡಿದ್ದು ಯಾಕೆ? ಬರೀ ಮಳೆಯನ್ನು ಬೈದರೆ ಆಗಲ್ಲ. ವರ್ಷಗಟ್ಟಲೆ ಮಲಪ್ರಭೆ ಒಣಗಿ ನಿಂತಳು. ಹೊಳೆಯಲ್ಲಿ ನೀರಿಲ್ಲದಿದ್ದಾಗ ದಂಡೆಯ ಹೊಲಗಳು ಒಂದೊಂದು ಮಾರು ಮುಂದಕ್ಕೆ ಸರಿದವು. ಪಾತ್ರದೊಳಗೇ ಬಿತ್ತಿದರು. ಉಳಿದ ಜಾಗಕ್ಕೆ ಬಳ್ಳಾರಿ ಜಾಲಿ ಹಬ್ಬಿತು, ಮರಳು ತೆಗೆದವರು ಗುಂಡಿ ಬಿಟ್ಟು ಹೋದರು. ಹೊಳೆಯ ಅಗಲ ಹಳ್ಳದಷ್ಟಾಯಿತು. ಮೇಲಿನ ಜಲಾಶಯದ ಕಥೆಯೂ ಬರದ ಕಥೆಯೇ. ಹನಿ ನೀರಿಗೆ ಬಾಯಿಬಿಡುವ ಸೀಮೆಯಲ್ಲಿ, ಮುಂದೆ ಮಳೆ ಜೋರಾಗಬಹುದು ಅಂತ ಮೊದಲೇ ನೀರು ಹೊರಗೆ ಬಿಡುವ ಧೈರ್ಯ ಯಾವ ಎಂಜಿನಿಯರ್‌ಗೆ ಬರುತ್ತೆ? ಬಿಟ್ಟ ಮೇಲೆ ಮಳೆ ಬರದಿದ್ದರೆ ಜನ ಸುಮ್ಮನಿರ್ತಾರಾ? ಹಾಗಾಗಿ ತುಂಬುವವರೆಗೆ ಕಾಯುತ್ತಾರೆ. ತುಂಬಿದ ಮೇಲೆ ಬಂದದ್ದನ್ನೆಲ್ಲ ಒಮ್ಮೆಲೇ ಬಿಡಬೇಕು. ಬರದ ಭಯವೇ ನೆರೆಯನ್ನು ದೊಡ್ಡದು ಮಾಡಿತು.

ಹಳಬರಿಗೆ ಇದು ಗೊತ್ತಿರಲಿಲ್ಲವಾ? ಚಾಲುಕ್ಯರನ್ನೇ ನೋಡಿ. ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುವ ಪುಣ್ಯದ ಜಾಗ ಅಂತ ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿದರು, ಪಟ್ಟಾಭಿಷೇಕ ಮಾಡಿಕೊಂಡರು. ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇರೋದು ಅಲ್ಲೇ. ಆದರೆ ರಾಜಧಾನಿ ಕಟ್ಟಿದ್ದು ಹೊಳೆಯಿಂದ ದೂರ, ಬಾದಾಮಿಯ ಬಂಡೆಗಳ ನಡುವೆ. ಕುಡಿಯೋಕೆ ಅಗಸ್ತ್ಯತೀರ್ಥದ ಕೆರೆ. ದೇವರನ್ನು ಹೊಳೆ ದಂಡೆಯಲ್ಲಿಟ್ಟರು, ತಾವು ಎತ್ತರದಲ್ಲಿ ಕೂತರು. ಕಲ್ಲಿನ ದೇವರು ಸಾವಿರದ ಇನ್ನೂರು ವರ್ಷಗಳಿಂದ ನೀರು ಬಂದರೂ ನಿಂತಿದ್ದಾನೆ, ಈ ಆಗಸ್ಟ್‌ನಲ್ಲೂ ಆ ವಿಶ್ವಪರಂಪರೆಯ ಗುಡಿಗಳ ಅಂಗಳದಲ್ಲಿ ಹೊಳೆ ನಿಂತಿತ್ತು. ಪಕ್ಕದ ಮಣ್ಣಿನ ಮನೆಗಳಿಗೆ ಆ ತಾಕತ್ತು ಇಲ್ಲ. ಆ ಹಳ್ಳಿಯವರಿಗೂ ಸ್ಥಳಾಂತರದ ಮಾತು ಕೇಳಿ ಕೇಳಿ ಸಾಕಾಗಿದೆ.

ನಾನು ತಜ್ಞ ಅಲ್ಲ. ಆದರೆ ಹತ್ತು ವರ್ಷದಲ್ಲಿ ಎರಡು ಸಲ ಕಂಡದ್ದನ್ನು ಹೇಳಬಲ್ಲೆ. ಹೊಳೆಯ ಪಾತ್ರವನ್ನು ಅಳತೆ ಮಾಡಿ ಕಲ್ಲು ನೆಡಿ, ಒತ್ತುವರಿ ಬಿಡಿಸಿ. ಬಿಡಿಸುವಾಗ ಒಂದು ಎಕರೆಯ ಬಡವನಿಂದ ಶುರು ಮಾಡಬೇಡಿ. ಘಟ್ಟದಲ್ಲಿ ಮಳೆ ಬಿದ್ದ ಲೆಕ್ಕ ಅದೇ ದಿನ ಕೆಳಗಿನ ಪ್ರತಿ ಪಂಚಾಯ್ತಿಗೆ ತಲುಪಲಿ. ಸ್ಥಳಾಂತರ ಅಂದರೆ ದನಕ್ಕೆ, ಕಣಕ್ಕೆ, ಮಗ್ಗಕ್ಕೆ, ಗುಡಿಗೆ, ಮಸೂತಿಗೆ ಜಾಗ ಇರುವ ಊರು. ಜನರನ್ನು ಕೂರಿಸಿಕೊಂಡು ನಕ್ಷೆ ಹಾಕಿ. ಹಕ್ಕುಪತ್ರವನ್ನು ಬೀಗದ ಕೈ ಜೊತೆಗೇ ಕೊಡಿ.

ನಮಗೂ ಒಂದು ಕೆಲಸ ಇದೆ. ಹೊರಡುವಾಗ ಅಜ್ಜಿಯ ಮಗನಿಗೆ ಆ ಹಳೆಯ ಮಾತು ಹೇಳಿದೆ. ನೀರು ಇಳಿದ ಮೇಲೆ ಬಾ ಅಂದಿದ್ದರು ನಿಮ್ಮವ್ವ, ನಾನು ಬರಲಿಲ್ಲ ಅಂತ. ಅವರು ನಕ್ಕರು. 'ಈಗ ಬಂದೀರಲ್ರಿ. ಆದ್ರ ನೀರ ಇನ್ನೂ ಇಳದಿಲ್ಲ, ಮತ್ತ ಬರ್ತದ' ಅಂದರು. ಒಂದೇ ತಿಂಗಳಲ್ಲಿ, ಅಕ್ಟೋಬರ್‌ನಲ್ಲಿ ಬಂತು.

ಚುನಾವಣೆ ಡಿಸೆಂಬರ್ 5ಕ್ಕೆ, ಫಲಿತಾಂಶ 9ಕ್ಕೆ. ಆ ಎರಡು ದಿನ ನಾವು ನಿಮ್ಮ ಮುಂದೆ ಬೆಳಗಿನಿಂದ ಕೂತಿರುತ್ತೇವೆ. ಜನವರಿಯಲ್ಲಿ ಒಂದು ದಿನ ನಾನು ಮತ್ತೆ ಆ ಹಳ್ಳಿಗೆ ಹೋಗುತ್ತೇನೆ. ನಳದಲ್ಲಿ ನೀರು ಬರ್ತಿದೆಯಾ, ಹಕ್ಕುಪತ್ರ ಬಂತಾ, ಹಿಂಗಾರಿ ಜೋಳ ಎದ್ದಿದೆಯಾ ಅಂತ ತೋರಿಸುತ್ತೇನೆ. ತೋರಿಸದಿದ್ದರೆ ನೀವು ಕೇಳಿ. ನನ್ನನ್ನೇ ಕೇಳಿ.